ಅಪ್ಪನ ರೋಡ್‌ಕಿಂಗ್‌ಗೆ ಹಳೆಯ ದನಿ ಮರಳಿಸುವುದು ಹೇಗೆ? ಕೆಲವರ ಅನುಭವಗಳು

ಕೋರಿಕೆ: ತಿಪಟೂರಿನಿಂದ

ನನ್ನ ತಂದೆಯವರು 1986ರಲ್ಲಿ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ಮೋಟಾರ್‌ಸೈಕಲ್, ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನಿಂತೇ ಇತ್ತು. ಕಳೆದ ವರ್ಷ ಅದನ್ನು ಹೊರಗೆ ತೆಗೆದು ಎಂಜಿನ್ ಕೆಲಸ ಮಾಡಿಸಿದ್ದೇನೆ, ಗಾಡಿ ಓಡುತ್ತಿದೆ. ಆದರೆ ಎರಡೂ ಸೈಲೆನ್ಸರ್‌ಗಳು ತುಕ್ಕು ಹಿಡಿದಿವೆ, ಎಡಗಡೆಯದಕ್ಕೆ ಅಡಿಯಲ್ಲಿ ತೂತೇ ಬಿದ್ದಿದೆ. ಗ್ಯಾರೇಜಿನವರು ಒಳಗಿನ ಬಫಲ್ (ಸದ್ದು ತಗ್ಗಿಸುವ, ತೂತುಗಳಿರುವ ಕೊಳವೆ) ತೆಗೆದುಬಿಟ್ಟರೆ ಒಳ್ಳೆಯ ಸೌಂಡ್ ಬರುತ್ತದೆ ಎನ್ನುತ್ತಾರೆ, ಇಲ್ಲವೇ ಪೇಟೆಯಲ್ಲಿ ಸಿಗುವ ಹೊಸ ಜೋಡಿಯನ್ನು ಹಾಕಿಸಿ ಎನ್ನುತ್ತಾರೆ. ನನಗೆ ಬೇಕಾಗಿರುವುದು ಜೋರು ಸದ್ದಲ್ಲ. ಅಪ್ಪ ಶಾಲೆಯಿಂದ ಹಿಂದಿರುಗುವಾಗ ಗಾಡಿಯ ಸದ್ದು ಕೆರೆ ಏರಿಯ ಮೇಲಿಂದಲೇ ನಮಗೆ ಕೇಳಿಸುತ್ತಿತ್ತು, ಅದು ಕೇಳಿಸಿದ ಕೂಡಲೇ ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಆ ದನಿಯನ್ನು ಮತ್ತೆ ಪಡೆಯಲು ಏನು ಮಾಡಬೇಕು? ನಿಮಗೆ ಪ್ರಿಯವಾದ ಎಂಜಿನ್ ದನಿ ಯಾವುದು, ಅದನ್ನು ಹೇಗೆ ಕಾಪಾಡಿಕೊಂಡಿದ್ದೀರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ನಿಮ್ಮ ಕೋರಿಕೆಯನ್ನು ಓದಿದಾಗ ನನ್ನ ತಂದೆಯವರ ನೆನಪಾಯಿತು, ಏಕೆಂದರೆ ಅವರು ಯೆಜ್ಡಿಯನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮೂರಿನ ಹಿರಿಯರು ಇಂದಿಗೂ ಅದನ್ನು ಜಾವಾ ಫ್ಯಾಕ್ಟರಿ ಎಂದೇ ಕರೆಯುತ್ತಾರೆ. ಯೆಜ್ಡಿಯ ದನಿಯ ಬಗ್ಗೆ ಯಾರಾದರೂ ಕೇಳಿದರೆ ಚಿಕ್ಕದಾಗಿ ಉತ್ತರಿಸುವುದು ನನ್ನಿಂದ ಆಗದ ಮಾತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ದನಿ ಹುಟ್ಟುವ ಬಗೆಯನ್ನು ಮೊದಲು ಹೇಳಬೇಕು. ರೋಡ್‌ಕಿಂಗ್‌ನದು 248.5 ಸಿಸಿಯ, ಒಂದೇ ಸಿಲಿಂಡರಿನ ಎರಡು ಸ್ಟ್ರೋಕ್ ಎಂಜಿನ್, ಅಂದರೆ ಪ್ರತಿ ಸುತ್ತಿಗೂ ಒಂದು ಸ್ಫೋಟ ಆಗಬೇಕಾದದ್ದು. ಬೋರ್ (ಸಿಲಿಂಡರಿನ ಒಳ ಅಗಲ) 65 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿಲಿಮೀಟರ್. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಹೋಗುವ ಕಿಂಡಿಗಳು ಎರಡು, ಅಲ್ಲಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್‌ಗಳು ಎರಡು, ಸೈಲೆನ್ಸರ್‌ಗಳೂ ಎರಡು. ಪ್ರತಿಯೊಂದು ಸ್ಫೋಟವೂ ಎರಡು ಪಾಲಾಗಿ ಎಡಕ್ಕೂ ಬಲಕ್ಕೂ ಹೋಗುವುದರಿಂದ ಸದ್ದು ಒಂದೇ ಕಡೆಯಿಂದ ಗುದ್ದಿದಂತೆ ಬರುವುದಿಲ್ಲ, ಗಾಡಿಯ ಎರಡೂ ಬದಿಗೆ ಹರಡಿಕೊಂಡು ತುಂಬಿದಂತೆ ಬರುತ್ತದೆ. ಇನ್ನು ನಿಂತಲ್ಲೇ ಓಡುವಾಗ ಬರುವ ಆ ತಡೆದು ತಡೆದು ಬಡಿಯುವ ದನಿ ಎಂಜಿನ್ನಿನ ದೋಷವಲ್ಲ. ಥ್ರಾಟಲ್ ಮುಚ್ಚಿರುವಾಗ ಸಿಲಿಂಡರಿನೊಳಗೆ ಸುಟ್ಟ ಅನಿಲವೇ ಹೆಚ್ಚು ಉಳಿದಿರುತ್ತದೆ, ಹೊಸ ಮಿಶ್ರಣ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವುದಿಲ್ಲ. ಒಂದು ಸುತ್ತು ಬಿಟ್ಟು, ಕೆಲವೊಮ್ಮೆ ಎರಡು ಸುತ್ತು ಬಿಟ್ಟು ಹೊತ್ತಿಕೊಳ್ಳುತ್ತದೆ. ಥ್ರಾಟಲ್ ತಿರುಗಿಸಿದ ಕೂಡಲೇ ಸುತ್ತು ಸುತ್ತಿಗೂ ಸ್ಫೋಟವಾಗಿ ಬಿಡಿಬಿಡಿಯಾದ ಬಡಿತಗಳೆಲ್ಲ ಒಂದೇ ಎಳೆಯಾಗಿ ಕೂಡಿಕೊಳ್ಳುತ್ತವೆ. ನಿಮ್ಮ ತಂದೆಯವರು ಕೆರೆ ಏರಿಯ ಮೇಲೆ ಹದವಾದ ವೇಗದಲ್ಲಿ ಬರುವಾಗ ನಿಮಗೆ ಕೇಳಿಸುತ್ತಿದ್ದುದು ಆ ಎಳೆಯೇ ಇರಬೇಕು.

ಈಗ ಬಫಲ್ ವಿಷಯ. ದಯವಿಟ್ಟು ಅದನ್ನು ತೆಗೆಸಬೇಡಿ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಎಂಬುದು ಇರುವುದಿಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ಕಿಂಡಿಯನ್ನು ಮುಚ್ಚಿ ತೆರೆಯುತ್ತದೆ, ಕಿಂಡಿ ತೆರೆದಿರುವ ಹೊತ್ತಿನಲ್ಲಿ ಹೊಸ ಪೆಟ್ರೋಲ್ ಮಿಶ್ರಣವೂ ಹೊಗೆಯ ಹಿಂದೆಯೇ ಹೊರಕ್ಕೆ ನುಗ್ಗಲು ಹವಣಿಸುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸದಲ್ಲಿ ಸೈಲೆನ್ಸರಿನ ಉದ್ದ, ಗಾತ್ರ, ಬಾಲದ ತೂತು ಎಲ್ಲಕ್ಕೂ ಪಾಲಿದೆ. ಬಫಲ್ ತೆಗೆದಾಗ ಮಿಶ್ರಣದ ಹದ ಕೆಟ್ಟು ಎಂಜಿನ್ ವಿಪರೀತ ಕಾಯ್ದರೆ ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನೊಳಗೆ ಬಿಗಿದು ನಿಲ್ಲುವ ಅಪಾಯವಿದೆ. ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಈ ತಪ್ಪನ್ನು ಮಾಡಿದವನು. ಬಫಲ್ ಇಲ್ಲದೆ ಮೈಸೂರಿನಿಂದ ಊಟಿಗೆ ಹೊರಟೆ. ಬಂಡೀಪುರ ದಾಟುವ ಮೊದಲೇ ಎಂಜಿನ್ ಬಿಗಿದುಕೊಂಡು ಹಿಂದಿನ ಚಕ್ರ ಕಚ್ಚಿ ನಿಂತಿತು. ಹಿಂದೆ ಕುಳಿತಿದ್ದ ತಮ್ಮನಿಗೆ ಪೆಟ್ಟಾಗದೆ ಉಳಿದದ್ದು ನಮ್ಮ ಪುಣ್ಯ.

ಹಳೆಯ ಸೈಲೆನ್ಸರ್‌ಗಳನ್ನು ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಕಾದ ಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಎರಡೂ ಬಾಲಗಳ ಹಿಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಎರಡೂ ಕಡೆ ಗಾಳಿಯ ಬಡಿತ ಸಮನಾಗಿರಬೇಕು. ಒಂದು ಕಡೆ ಕಡಿಮೆ ಇದ್ದರೆ ಆ ಕಡೆಯ ಕಿಂಡಿಯಲ್ಲೋ ಬಫಲ್‌ನಲ್ಲೋ ಎಣ್ಣೆ ಸುಟ್ಟ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಹದಿನಾಲ್ಕು ವರ್ಷ ನಿಂತ ಗಾಡಿಯಲ್ಲಿ ಇದು ಬಹುತೇಕ ಇದ್ದೇ ಇರುತ್ತದೆ. ಬಫಲ್ ಅನ್ನು ಹಿಂಬದಿಯಿಂದ ಬಿಚ್ಚಿ ಹೊರಗೆ ಎಳೆದು, ಅದನ್ನು ಮಾತ್ರ ಬೆಂಕಿಯಲ್ಲಿ ಸುಟ್ಟು, ತಣ್ಣಗಾದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ, ಅದರ ಸಣ್ಣ ತೂತುಗಳೆಲ್ಲ ತೆರೆದಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಸೈಲೆನ್ಸರಿನ ಹೊರಮೈಗೆ ಬೆಂಕಿ ತಗುಲಿಸಿದರೆ ಕ್ರೋಮ್ ನೀಲಿಗಟ್ಟುತ್ತದೆ, ಮೊದಲಿನ ಬಣ್ಣ ಮತ್ತೆ ಬರುವುದಿಲ್ಲ. ಎಂಜಿನ್ನಿನ ಬ್ಯಾರೆಲ್‌ಗೆ (ಸಿಲಿಂಡರಿಗೆ) ಬೆಂಡ್ ಪೈಪ್ ಸೇರುವ ಕಡೆಯ ನಟ್‌ಗಳನ್ನೂ ನೋಡಿ. ಅಲ್ಲಿ ವಾಷರ್ ಸವೆದು ಗಾಳಿ ಸೋರುತ್ತಿದ್ದರೆ ಫಟ್ ಫಟ್ ಎಂಬ ಹರಕು ಸದ್ದು ಬರುತ್ತದೆ, ಕೆಳಗೆ ಎಣ್ಣೆಯ ಕರಿ ಕಲೆಯೂ ಕಾಣಿಸುತ್ತದೆ. ಎಷ್ಟೋ ಜನ ಇದನ್ನು ಸೈಲೆನ್ಸರಿನ ದೋಷವೆಂದು ತಪ್ಪು ತಿಳಿದು ಹೊಸದನ್ನು ಕೊಳ್ಳುತ್ತಾರೆ.

ತೂತು ಬಿದ್ದಿರುವ ಎಡಗಡೆಯದನ್ನು ಒಳ್ಳೆಯ ಕೈಯವರಿಂದ ಗ್ಯಾಸ್ ವೆಲ್ಡಿಂಗ್ ಮಾಡಿಸಿ ಮತ್ತೆ ಕ್ರೋಮ್ ಮಾಡಿಸಬಹುದು. ತಗಡು ತೀರ ತೆಳುವಾಗಿದ್ದರೆ ಮಾತ್ರ ಹೊಸ ಜೋಡಿಯ ಕಡೆ ನೋಡಿ. ನಾನು ಒಮ್ಮೆ ಹೊಳಪು ನೋಡಿ ಮರುಳಾಗಿ ಒಂದು ಜೋಡಿ ತಂದಿದ್ದೆ. ತಗಡು ಹಗುರ, ಒಳಗಿನ ಬಫಲ್ ಹೆಸರಿಗೆ ಮಾತ್ರ. ಹಾಕಿದ ದಿನ ಗಾಡಿಯ ದನಿ ಎಣ್ಣೆ ಡಬ್ಬ ಬಡಿದ ಹಾಗಿತ್ತು. ಕೊಳ್ಳುವಾಗ ಹಳೆಯ ಬಫಲ್ ಅನ್ನು ಜೊತೆಗೆ ಒಯ್ದು, ಉದ್ದವನ್ನೂ ತೂತುಗಳನ್ನೂ ಹೋಲಿಸಿ, ಸೈಲೆನ್ಸರನ್ನು ಕೈಯಲ್ಲಿ ತೂಗಿ ನೋಡಿ. ಹೊಸ ಕವಚದೊಳಗೆ ನಿಮ್ಮ ತಂದೆಯವರ ಹಳೆಯ ಬಫಲ್ ಕೂರುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ನನಗೆ ಪ್ರಿಯವಾದ ದನಿ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ಸವಾರರು ಒಟ್ಟಾಗಿ ಹೊರಡುವಾಗ, ಹತ್ತಾರು ಗಾಡಿಗಳ ನಡುವೆ ನನ್ನದನ್ನು ಕಣ್ಣು ಮುಚ್ಚಿ ಗುರುತಿಸಬಲ್ಲೆ. 2018ರಲ್ಲಿ ಮರಳಿ ಬಂದ ಹೊಸ ಜಾವಾ ನಾಲ್ಕು ಸ್ಟ್ರೋಕಿನದು. ಅದಕ್ಕೂ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟಿದ್ದಾರೆ ಎಂಬುದನ್ನು ಕಂಡಾಗ ನನಗೆ ಬಹಳ ಸಂತೋಷವಾಯಿತು. ಅದರ ದನಿ ಬೇರೆಯೇ, ಹಾಗೆಂದು ಅದನ್ನು ಕಡಿಮೆ ಎನ್ನಲಾರೆ.

ಹಾಸನದಿಂದ

ನನ್ನದು ಯಮಹಾ ಆರ್‌ಎಕ್ಸ್ 100. ಮೈಸೂರಿನವರು ಹೇಳಿದ ಮಾತಿಗೆ ನನ್ನ ಅನುಭವವೂ ಸಾಕ್ಷಿಯಾಗಿದೆ. ಈ ಗಾಡಿ ತನ್ನ ಹನ್ನೊಂದು ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 7500 ಸುತ್ತಿನಲ್ಲಿ. ಎರಡು ಸ್ಟ್ರೋಕ್ ಆದ್ದರಿಂದ ಅಲ್ಲಿ ಸೆಕೆಂಡಿಗೆ 125 ಸ್ಫೋಟಗಳಾಗುತ್ತವೆ. ಆರ್‌ಎಕ್ಸ್‌ನ ದನಿ ಏರುತ್ತ ಹೋಗಿ ಒಂದು ಹಂತದಲ್ಲಿ ಗಂಟಲು ಬಿಚ್ಚಿದಂತೆ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಗಾಡಿಯೂ ಮುಂದಕ್ಕೆ ಚಿಮ್ಮುತ್ತದೆ. ಸೈಲೆನ್ಸರಿನೊಳಗೆ ಹಿಗ್ಗಿ ಮತ್ತೆ ಕುಗ್ಗುವ ಕೋಣೆ ಹೊಗೆಯ ಒತ್ತಡದ ಅಲೆಯನ್ನು ಹಿಂದಕ್ಕೆ ತಳ್ಳಿ, ಹೊರಗೆ ಹೋಗಲಿದ್ದ ಮಿಶ್ರಣವನ್ನು ಸಿಲಿಂಡರಿಗೇ ಮರಳಿಸುವುದರಿಂದ ಹೀಗಾಗುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎಂಜಿನಿಯರ್ ವಾಲ್ಟರ್ ಕಾಡೆನ್ ಪಳಗಿಸಿದರು. 1961ರಲ್ಲಿ ಅವರ ರೇಸ್ ಸವಾರ ಎರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಝುಕಿಯನ್ನು ಸೇರಿಕೊಂಡ ಮೇಲೆ ಅದು ಜಪಾನಿಗೆ ತಲುಪಿತು.

ಕಾಲೇಜಿನ ದಿನಗಳಲ್ಲಿ ನಾನು ಸೈಲೆನ್ಸರಿನ ಬಾಲವನ್ನು ಕತ್ತರಿಸಿದ್ದೆ. ಸದ್ದು ಬೀದಿಯ ಕೊನೆಗೆ ಕೇಳುತ್ತಿತ್ತು, ಆದರೆ ಮೂರನೆಯ ಗೇರಿನಲ್ಲಿ ಇದ್ದ ಎಳೆತ ಹೋಗಿಬಿಟ್ಟಿತ್ತು. ಮತ್ತೆ ಮೂಲ ಸೈಲೆನ್ಸರನ್ನು ಹುಡುಕಿ ಹಾಕಿಸಲು ಎರಡು ವರ್ಷ ಅಲೆದೆ. ನಿಮ್ಮ ಕೈಯಲ್ಲಿ ಮೂಲದ್ದು ಇದೆ, ಅದನ್ನು ಉಳಿಸಿಕೊಳ್ಳಿ.

ಚಿಕ್ಕಮಗಳೂರಿನಿಂದ

ನಾನು ಬುಲೆಟ್ ಸವಾರ. ನಿಮ್ಮ ಗಾಡಿಯ ವಿಷಯದಲ್ಲಿ ಹೇಳುವ ಅಧಿಕಾರ ನನಗಿಲ್ಲ, ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸದೆ ಇರಲಾರೆ. ನನ್ನದು ಹಳೆಯ ಎರಕದ ಕಬ್ಬಿಣದ ಎಂಜಿನ್ನಿನ 350, ಬೋರ್ 70, ಸ್ಟ್ರೋಕ್ 90 ಮಿಲಿಮೀಟರ್. ಎಂಜಿನ್ನಿನ ತಿರುಗುವಿಕೆಯನ್ನು ಕಾಯ್ದುಕೊಳ್ಳುವ ಭಾರವಾದ ಚಕ್ರ, ಅಂದರೆ ಫ್ಲೈವೀಲ್, ಇರುವುದರಿಂದ ಬಹಳ ನಿಧಾನವಾಗಿ ತಿರುಗಿದರೂ ನಿಲ್ಲದು. ನಾಲ್ಕು ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದೇ ಸ್ಫೋಟ. ನಿಮಿಷಕ್ಕೆ 900 ಸುತ್ತಿನಲ್ಲಿ ನಿಂತಲ್ಲೇ ಓಡಿಸಿದರೆ ಸೆಕೆಂಡಿಗೆ ಏಳೂವರೆ ಬಡಿತ. ಕಿವಿಗೆ ಒಂದೊಂದು ಬಡಿತವೂ ಬಿಡಿಯಾಗಿ ಕೇಳಿಸುವುದು ಇದರಿಂದಲೇ. ಮುಳ್ಳಯ್ಯನಗಿರಿಯ ದಾರಿಯ ತಿರುವುಗಳಲ್ಲಿ ಮೂರನೆಯ ಗೇರಿನಲ್ಲಿ, ಕಡಿಮೆ ಥ್ರಾಟಲ್‌ನಲ್ಲಿ ಏರುವಾಗ ಗುಡ್ಡದಿಂದ ಆ ಬಡಿತ ಹಿಂದಿರುಗಿ ಬರುತ್ತದೆ. ಅದಕ್ಕಿಂತ ನನಗೆ ಹಿತವಾದ ದನಿ ಇನ್ನೊಂದಿಲ್ಲ.

ಈ ಬಡಿತವನ್ನು ಹೆಚ್ಚಿಸಬೇಕೆಂದು ಪಂಜಾಬ್, ಇಂದೋರಿ, ಶಾರ್ಟ್ ಬಾಟಲ್ ಎಂದೆಲ್ಲ ಸೈಲೆನ್ಸರ್ ಬದಲಿಸಿದವರನ್ನು ಬಹಳ ಕಂಡಿದ್ದೇನೆ, ನಾನೂ ಎರಡನ್ನು ಬದಲಿಸಿದ್ದೇನೆ. ಸದ್ದು ದೊಡ್ಡದಾದಷ್ಟೂ ಬಡಿತದ ಬುಡದಲ್ಲಿರುವ ಗಾಂಭೀರ್ಯ ಹೋಗಿ ಬರಿಯ ಸಿಡಿತ ಉಳಿಯುತ್ತದೆ. ಬೆಳಗಾವಿಯ ಸೋದರಮಾವ ಅಂಥ ಸೈಲೆನ್ಸರ್ ಹಾಕಿಸಿಕೊಂಡಿದ್ದ ಗಾಡಿಯ ಮೇಲೆ ಮುನ್ನೂರು ಕಿಲೋಮೀಟರ್ ಹೋದ ದಿನ ರಾತ್ರಿಯೆಲ್ಲ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಕೊನೆಗೆ ಕಂಪನಿಯ ಸೈಲೆನ್ಸರಿಗೇ ಮರಳಿದೆ, ಟ್ಯಾಪೆಟ್ (ವಾಲ್ವ್‌ಗಳ ಅಂತರ) ಮತ್ತು ಪಾಯಿಂಟ್ (ಕಿಡಿ ಹಾರುವ ಸಮಯ) ಸರಿಯಾಗಿ ಹೊಂದಿಸಿದೆ. ಬೇಕಾಗಿದ್ದ ದನಿ ಬಂದದ್ದು ಆ ಹೊಂದಾಣಿಕೆಯಿಂದ.

ಎಂಜಿನ್ನಿನ ಕಟ್ಟಡವೇ ದನಿಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ 650ರಲ್ಲಿ ಎರಡು ಸಿಲಿಂಡರ್‌ಗಳು ಪಕ್ಕಪಕ್ಕದಲ್ಲಿದ್ದರೂ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 270 ಡಿಗ್ರಿಯದು. ಒಂದು ಸ್ಫೋಟದಿಂದ ಮತ್ತೊಂದಕ್ಕೆ 270 ಡಿಗ್ರಿ, ಅಲ್ಲಿಂದ ಮುಂದಿನದಕ್ಕೆ 450 ಡಿಗ್ರಿ ಅಂತರವಿದೆ. ಆ ಅಸಮ ಅಂತರದಿಂದ ಅದರ ದನಿಗೆ ಒಂದು ಕುಂಟು ನಡಿಗೆಯ ಲಯ ಬಂದಿದೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಕಂಪನಿಯ, ಎರಡು ಸಿಲಿಂಡರ್‌ಗಳು 45 ಡಿಗ್ರಿ ಕೋನದಲ್ಲಿರುವ ವಿ ಆಕಾರದ ಎಂಜಿನ್ನಿನಲ್ಲಿ ಈ ಅಂತರ 315 ಮತ್ತು 405. ಆ ಕಂಪನಿ ತನ್ನ ಎಂಜಿನ್ನಿನ ದನಿಯನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಹಿಂದಕ್ಕೆ ಪಡೆಯಿತು. ಇಂಥ ಲಯವನ್ನು ಬೇರೆ ಸೈಲೆನ್ಸರ್ ಹಾಕಿ ತರಿಸಲು ಆಗುವುದಿಲ್ಲ.

ಬೆಂಗಳೂರಿನಿಂದ

ಕಾನೂನಿನ ಬಗ್ಗೆ ಎರಡು ಮಾತು. 2005ರಿಂದ ಜಾರಿಯಲ್ಲಿರುವ ಮಿತಿಯಂತೆ 175 ಸಿಸಿಗಿಂತ ದೊಡ್ಡ ಮೋಟಾರ್‌ಸೈಕಲ್ ಕಾರ್ಖಾನೆಯಿಂದ ಹೊರಬರುವಾಗ ಅದರ ಸದ್ದು 80 ಡೆಸಿಬಲ್ ಮೀರಬಾರದು. ನಿಮ್ಮ ಗಾಡಿ ಅದಕ್ಕಿಂತ ಹಳೆಯದು ನಿಜ, ಆದರೆ ಕೆಲಸ ಮಾಡುವ ಸೈಲೆನ್ಸರ್ ಇರಲೇಬೇಕೆಂಬ ನಿಯಮ ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ್ದಾರೆ. ಮೂಲ ಸೈಲೆನ್ಸರ್ ಇಟ್ಟುಕೊಂಡ ನನ್ನ ರಾಜ್‌ದೂತ್ 350ಯನ್ನು ಈವರೆಗೆ ಯಾರೂ ತಡೆದಿಲ್ಲ. ನಮ್ಮ ಮನೆಯ ಎದುರಿನ ಅಜ್ಜಿಯೊಬ್ಬರು ಅದು ಹೊರಟಾಗ ಬಾಗಿಲಿಗೆ ಬಂದು ನಿಂತು ಕೇಳುತ್ತಾರೆ. ಆ ಎರಡು ಸಿಲಿಂಡರಿನ ದನಿ ನನಗೆಷ್ಟು ಪ್ರಿಯವೋ ಅವರಿಗೂ ಅಷ್ಟೇ ಎಂದು ಕಾಣುತ್ತದೆ.

ಮತ್ತೆ ತಿಪಟೂರಿನಿಂದ

ಎಲ್ಲರಿಗೂ ನನ್ನ ನಮಸ್ಕಾರಗಳು. ಮೈಸೂರಿನವರು ಹೇಳಿದಂತೆ ಅಂಗೈ ಹಿಡಿದು ನೋಡಿದಾಗ ಬಲಗಡೆಯ ಬಾಲದಿಂದ ಗಾಳಿ ಬರುತ್ತಲೇ ಇರಲಿಲ್ಲ ಎನ್ನಬಹುದು. ಬಫಲ್ ಎಳೆಯಲು ಅರ್ಧ ದಿನ ಬೇಕಾಯಿತು, ಸೀಮೆಎಣ್ಣೆ ಹಾಕಿ ನೆನೆಸಿಟ್ಟು ತೆಗೆದೆವು. ಒಳಗಿನ ತೂತುಗಳಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗಿದ್ದವು. ಎರಡನ್ನೂ ಸುಟ್ಟು ಉಜ್ಜಿ ಹಾಕಿ, ಬೆಂಡ್ ಪೈಪ್‌ಗಳ ವಾಷರ್ ಬದಲಿಸಿ, ಎಡಗಡೆಯ ತೂತಿಗೆ ವೆಲ್ಡಿಂಗ್ ಮಾಡಿಸಿದ್ದೇನೆ. ಕ್ರೋಮ್ ಕೆಲಸ ಇನ್ನೂ ಬಾಕಿ ಇದೆ. ನಿನ್ನೆ ಸಂಜೆ ಗಾಡಿಯನ್ನು ಕೆರೆ ಏರಿಯವರೆಗೆ ಒಯ್ದು, ಅಪ್ಪ ಬರುತ್ತಿದ್ದ ವೇಗದಲ್ಲಿಯೇ ಹಿಂದಿರುಗಿದೆ. ನಾನು ಅಂಗಳಕ್ಕೆ ಬಂದು ಎಂಜಿನ್ ಆರಿಸುವಾಗ ಅಮ್ಮ ಅಡುಗೆಮನೆಯಲ್ಲಿದ್ದರು, ಒಲೆಯ ಮೇಲೆ ಕಾಫಿಯ ನೀರು ಕುದಿಯುತ್ತಿತ್ತು.