ಬೂದಿ ನೋಡಲು ಹತ್ತು ಸೆಂಟ್

ಸೀನ ಮೊಬೈಲ್ ಹಿಡಿದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ. ನೆಗಡಿ ಅಂದುಕೊಂಡೆವು. ಮೊಬೈಲಿನಿಂದ ಪಿಟೀಲಿನ ಸದ್ದು ಬಂದ ಮೇಲೆ ವಿಷಯ ಬೇರೆ ಅಂತ ಗೊತ್ತಾಯಿತು.

"ಯಾರು ಹೋದ್ರೋ?" ಪದ್ದಕ್ಕ ಗಾಬರಿಯಾದರು.

"ಐಡೋರಾ ಪಾರ್ಕ್."

"ಯಾರ ಕಡೆಯವರು?"

"ಮನುಷ್ಯರಲ್ಲ ಪದ್ದಕ್ಕ, ಅಮ್ಯೂಸ್‌ಮೆಂಟ್ ಪಾರ್ಕು. ಅಮೆರಿಕದ ಒಹಾಯೊದಲ್ಲಿ ಯಂಗ್ಸ್‌ಟೌನ್ ಅಂತ ಊರು, ಅಲ್ಲಿತ್ತು. ಈಗಿಲ್ಲ. ನೋಡಿ, ಮರದ ರೋಲರ್ ಕೋಸ್ಟರ್ ಒಳಗೆಲ್ಲ ಹೇಗೆ ಗಿಡ ಬೆಳೆದಿದೆ. ಕರುಳು ಕಿತ್ತು ಬರುತ್ತೆ."

ಶಾಮಣ್ಣ ಕನ್ನಡಕ ಮೇಲೇರಿಸಿದರು. "ನೀನು ಯಾವಾಗ ಹೋಗಿದ್ದೆ ಅಲ್ಲಿಗೆ?"

"ಹೋಗಿಲ್ಲ."

"ಮುಚ್ಚಿದ್ದು ಯಾವಾಗ?"

"1984," ಅಂದರು ಮೇಷ್ಟ್ರು. ಯಾರು ಯಾರನ್ನೇ ಇಸವಿ ಕೇಳಲಿ, ಮೇಷ್ಟ್ರಿಗೆ ತಡೆಯಲಾಗುವುದಿಲ್ಲ.

"ನೀನು ಹುಟ್ಟಿದ್ದು?"

"ತೊಂಬತ್ತೆರಡು."

"ಅಂದ್ರೆ ಹುಟ್ಟೋದಕ್ಕೆ ಎಂಟು ವರ್ಷ ಮುಂಚೆ ಮುಚ್ಚಿದ ಪಾರ್ಕನ್ನ ಮಿಸ್ ಮಾಡ್ಕೊತಾ ಇದ್ದೀಯ."

"ಫೀಲಿಂಗ್‌ಗೆ ಇಸವಿ ಇರಲ್ಲ ಶಾಮಣ್ಣ."

"ವೀಸಾನೂ ಬೇಡ ಅನ್ಸುತ್ತೆ."

ಹಾಳುಬಿದ್ದ ಜಾಗಗಳ ವಿಡಿಯೊ ನೋಡುವ ಈ ಗೀಳಿನ ಮೇಲೆ ಶಾಮಣ್ಣನಿಗೆ ಮೊದಲಿಂದಲೂ ಸಿಟ್ಟು. ಮುರಿದ ಬಾಗಿಲು, ತುಕ್ಕು ಹಿಡಿದ ಗೇಟು, ಹಿಂದೆ ಒಂದು ಪಿಟೀಲು. ಕೆಳಗೆ 'ಈ ಸುಖ ಕಂಡವರು ಮಾತ್ರ ಲೈಕ್ ಮಾಡಿ' ಅಂತ ಒಂದು ಸಾಲು. ಕಾಣದವರೇ ಜಾಸ್ತಿ ಲೈಕ್ ಒತ್ತುವುದು.

"ಮೇಲಿಂದ ಎಲ್ಲದಕ್ಕೂ ಹಳದಿ ಬಳಿದಿರ್ತಾರೆ," ಅಂದರು ಶಾಮಣ್ಣ. "ಆ ಕಾಲದಲ್ಲಿ ನಾನಿದ್ದೆ ಕಣೋ. ಅಷ್ಟು ಹಳದಿ ಇರ್ಲಿಲ್ಲ. ಕಾಮಾಲೆ ಕಣ್ಣಿಗೆ ಲೋಕ ಹಳದಿ ಅಂತಿದ್ರು. ಈಗ ಮೊಬೈಲಿಗೇ ಕಾಮಾಲೆ ಬಂದಿದೆ. ಇಷ್ಟು ಅಳೋ ಜನ, ತೆರೆದಿದ್ದಾಗ ಒಂದೊಂದು ಟಿಕೆಟ್ ತಗೊಂಡಿದ್ರೆ ಅದು ಮುಚ್ತಾನೇ ಇರ್ಲಿಲ್ಲ."

"ಅದು ಹಾಗಲ್ಲ," ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. "1899ರಲ್ಲಿ ಶುರುವಾದ ಪಾರ್ಕು. ಮೊದಲ ಹೆಸರು ಟರ್ಮಿನಲ್ ಪಾರ್ಕ್. ಟ್ರಾಮ್ ಲೈನಿನ ಕೊನೆಯಲ್ಲಿತ್ತು, ಅದಕ್ಕೇ. ಕಟ್ಟಿಸಿದ್ದೂ ಟ್ರಾಮ್ ಕಂಪನಿಯೇ."

"ಟ್ರಾಮ್ ಓಡಿಸೋರಿಗೆ ಪಾರ್ಕ್ ಯಾಕೆ?" ಪದ್ದಕ್ಕ ಕೇಳಿದರು.

"ವಾರವೆಲ್ಲ ಜನ ಕೆಲಸಕ್ಕೆ ಅಂತ ಟ್ರಾಮ್ ಹತ್ತುತ್ತಾರೆ. ಭಾನುವಾರ ಗಾಡಿ ಖಾಲಿ. ಕರೆಂಟಿನ ದುಡ್ಡು ಮಾತ್ರ ಗಾಡಿ ತುಂಬಿದರೂ ಅಷ್ಟೇ, ಖಾಲಿ ಓಡಿದರೂ ಅಷ್ಟೇ. ಅದಕ್ಕೆ ಲೈನಿನ ಕೊನೆಗೆ ಒಂದಷ್ಟು ಮರ, ಬ್ಯಾಂಡು, ತಿರುಗೋ ಕುದುರೆ ಇಟ್ಟರು. ಅಮೆರಿಕದ ಎಷ್ಟೋ ಟ್ರಾಮ್ ಕಂಪನಿಗಳು ಹೀಗೇ ಮಾಡಿದವು. ಟ್ರಾಲಿ ಪಾರ್ಕ್ ಅಂತಲೇ ಹೆಸರು. 1919ರ ಹೊತ್ತಿಗೆ ಆ ದೇಶದಲ್ಲಿ ಒಟ್ಟು ಸಾವಿರಕ್ಕೂ ಮೀರಿ ಪಾರ್ಕುಗಳಿದ್ದವು. ಟ್ರಾಲಿ ಪಾರ್ಕುಗಳ ಪೈಕಿ ಈಗ ಉಳಿದಿರೋದು ಹತ್ತೋ ಹನ್ನೆರಡೋ. ಪಿಟ್ಸ್‌ಬರ್ಗ್ ಹತ್ತಿರ ಕೆನಿವುಡ್ ಇದೆ, 1898ರದ್ದು, ಇವತ್ತಿಗೂ ನಡೀತಿದೆ."

"ಅದರ ವಿಡಿಯೊ ಇದೆಯೇನೋ ಸೀನ?" ಅಂದರು ಶಾಮಣ್ಣ.

"ನಡೀತಿರೋದರ ವಿಡಿಯೊ ಯಾರು ನೋಡ್ತಾರೆ?"

"ಅದೇ ನಾನು ಹೇಳಿದ್ದು. ಬದುಕಿರೋದು ಆ ಪಾರ್ಕಿನ ತಪ್ಪು."

ಸೀನ ಬಿಡಲಿಲ್ಲ. ಹಳೇ ಕಾಲದಲ್ಲಿ ಜನರಿಗೆ ಎಂಥ ಮಜಾ ಇತ್ತು ಗೊತ್ತಾ ಅಂದ. ಗೊತ್ತು ಅಂದರು ಮೇಷ್ಟ್ರು. ಅಮೆರಿಕದಲ್ಲಿ ರೋಲರ್ ಕೋಸ್ಟರ್ ಹುಚ್ಚು ಹಿಡಿಸಿದ್ದು 1884ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ. ಲಾಮಾರ್ಕಸ್ ಥಾಂಪ್ಸನ್ ಕಟ್ಟಿಸಿದ್ದು. ಟಿಕೆಟ್ ಐದು ಸೆಂಟ್. ವೇಗ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್. ಮೆಟ್ಟಿಲು ಹತ್ತಿ ಗಾಡಿಯಲ್ಲಿ ಕೂರಬೇಕು, ಇಳಿಜಾರಲ್ಲಿ ಆ ಕಡೆ ಹೋಗಬೇಕು. ಅಲ್ಲಿ ಇಳಿಯಬೇಕು. ಆಳುಗಳು ಗಾಡಿಯನ್ನು ಮತ್ತೆ ಮೇಲೆ ತಳ್ಳಿದ ಮೇಲೆ ಕೂತು ವಾಪಸ್ ಬರಬೇಕು.

"ಹತ್ತು ಕಿಲೋಮೀಟರಾ?" ಪದ್ದಕ್ಕನಿಗೆ ನಗು. "ಬೆಳಗ್ಗೆ ಹಾಲು ಉಕ್ಕುವಾಗ ನಾನು ಅದಕ್ಕಿಂತ ಜೋರಾಗಿ ಓಡ್ತೀನಿ."

"ಆದರೂ ಜನ ಕಿರುಚಿದ್ರು ಪದ್ದಕ್ಕ!"

"ಕಿರುಚೋದಕ್ಕೆ ವೇಗ ಬೇಕಾಗಿಲ್ಲ, ಜೊತೆ ಬೇಕು," ಅಂದರು ಶಾಮಣ್ಣ. "ಒಬ್ಬನೇ ಕೂತರೆ ಯಾರೂ ಕಿರುಚಲ್ಲ."

ಈ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಸೀನ ಮೊಬೈಲ್ ಕಡೆ ನೋಡಿದ. ಅದನ್ನು ಅವನು ಯಾವಾಗಲೂ ಒಬ್ಬನೇ ನೋಡುವುದು.

"ನಿನ್ನ ಈ ಕಸುಬಿನ ಮೂಲಪುರುಷ ಯಾರು ಗೊತ್ತಾ?" ಶಾಮಣ್ಣನೇ ಮತ್ತೆ ಶುರು ಮಾಡಿದರು. "ಮೇಷ್ಟ್ರೇ, ಆ ಸ್ಟೀಪಲ್‌ಚೇಸ್ ಪಾರ್ಕಿನವನ ಹೆಸರೇನು?"

"ಜಾರ್ಜ್ ಟಿಲ್ಯೂ. ಅದೂ ಕೋನಿ ಐಲೆಂಡೇ. ಬೆಂಕಿ ಬಿದ್ದಿದ್ದು 1907ರಲ್ಲಿ."

"ಹಾಂ, ಟಿಲ್ಯೂ. ಪಾರ್ಕ್ ಸುಟ್ಟು ಬೂದಿಯಾಯ್ತು. ಬೇರೆಯವರಾಗಿದ್ರೆ ತಲೆ ಮೇಲೆ ಕೈ ಹೊತ್ತು ಕೂರ್ತಿದ್ರು. ಈ ಪುಣ್ಯಾತ್ಮ ಇನ್ನೂ ಹೊಗೆ ಆಡ್ತಿರುವಾಗಲೇ ಒಂದು ಬೋರ್ಡು ಬರೆಸಿ ನಿಲ್ಲಿಸಿದ. ಇದಕ್ಕಿಂತ ದೊಡ್ಡ ಪಾರ್ಕ್ ಇಲ್ಲೇ ಕಟ್ತೀನಿ, ಅಲ್ಲೀವರೆಗೆ ಉರಿದ ಅವಶೇಷ ನೋಡೋಕೆ ಹತ್ತು ಸೆಂಟ್ ಅಂತ."

"ಸುಳ್ಳು!"

"ಥಾಂಪ್ಸನ್ ಗಾಡಿ ಹತ್ತೋಕೆ ಐದು ಸೆಂಟ್. ಬೂದಿ ನೋಡೋಕೆ ಹತ್ತು. ಹಾಳಾದ ಮೇಲೆ ರೇಟು ಡಬಲ್. ನೂರು ವರ್ಷದ ಹಿಂದೆಯೇ ಗೊತ್ತಿತ್ತು ಅವನಿಗೆ. ಕೊಡಿ, ಸೀನನಿಗೆ ಹತ್ತು ಸೆಂಟ್ ಕೊಡಿ ಎಲ್ಲರೂ. ಪಿಟೀಲಿಗೆ ಬೇರೆ."

"ಹಾಗಾದ್ರೆ ನಮ್ಮ ಮಂಡಿ ನೋವಿಗೂ ಬೋರ್ಡ್ ಹಾಕಬಹುದು," ಅಂದರು ಪದ್ದಕ್ಕ.

"ಮೇಷ್ಟ್ರ ತಲೆಗೆ ಮೊದಲು ಹಾಕಿ. ಒಂದು ಕಾಲದಲ್ಲಿ ಇಲ್ಲಿ ದಟ್ಟವಾದ ಕೂದಲಿತ್ತು."

ಮೇಷ್ಟ್ರು ತಲೆ ಸವರಿಕೊಂಡು ನಕ್ಕರು. ಆದರೆ ಪಾಠ ಅರ್ಧಕ್ಕೆ ನಿಂತರೆ ಅವರಿಗೆ ಆಗುವುದಿಲ್ಲ.

"ಐಡೋರಾಗೆ ಜನ ಹೋಗ್ತಿದ್ರು ಶಾಮಣ್ಣ. ಟ್ರಾಮ್ ಹೋಯ್ತು, ಕಾರು ಬಂತು, ಆದರೂ ಹೋಗ್ತಿದ್ರು. ಯಂಗ್ಸ್‌ಟೌನ್ ಉಕ್ಕಿನ ಊರು. ಕಾರ್ಖಾನೆಯವರ ಪಿಕ್ನಿಕ್ ಎಲ್ಲ ಅಲ್ಲೇ. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿಯ ದೊಡ್ಡ ಉಕ್ಕಿನ ಕಂಪನಿ ತನ್ನ ಒಂದು ಕಾರ್ಖಾನೆ ಮುಚ್ತೀವಿ ಅಂತು. ಐದು ಸಾವಿರದಷ್ಟು ಕೆಲಸ ಹೋಯ್ತು. ಆ ಊರಿನವರು ಇವತ್ತಿಗೂ ಅದನ್ನ ಕರಾಳ ಸೋಮವಾರ ಅಂತಾರೆ. ಆಮೇಲೆ ಬೇರೆ ಕಾರ್ಖಾನೆಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಸಂಬಳ ಇಲ್ಲದವನು ಮಕ್ಕಳನ್ನ ಪಾರ್ಕಿಗೆ ಹೇಗೆ ಕರ್ಕೊಂಡು ಹೋಗ್ತಾನೆ?"

"ಬೆಂಕಿ ಬಿತ್ತು ಅಂತ ಇದರಲ್ಲಿದೆ," ಅಂದ ಸೀನ.

"ಅದು ಆಮೇಲೆ. 1984ರ ಏಪ್ರಿಲ್‌ನಲ್ಲಿ. ಸೀಸನ್‌ಗೆ ಅಂತ ವೆಲ್ಡಿಂಗ್ ರಿಪೇರಿ ನಡೀತಿತ್ತು, ಕಿಡಿ ಹಾರಿತು. ಅವರ ಹೆಮ್ಮೆಯ ವೈಲ್ಡ್‌ಕ್ಯಾಟ್ ಕೋಸ್ಟರ್‌ನ ಒಂದಷ್ಟು ಭಾಗ ಉರಿದುಹೋಯ್ತು. ಆ ವರ್ಷ ಉಳಿದದ್ದನ್ನೇ ನಡೆಸಿದರು. ಬೇಸಿಗೆ ಮುಗಿದ ಮೇಲೆ ಬಾಗಿಲು ಹಾಕಿ ಎಲ್ಲ ಹರಾಜು."

ಶಾಮಣ್ಣ ಈ ಸಲ ಏನೂ ಅನ್ನಲಿಲ್ಲ.

"ತಿರುಗೋ ಕುದುರೆಗಳನ್ನೂ ಮಾರಿದ್ರಾ?" ಪದ್ದಕ್ಕ ಕೇಳಿದರು.

"1922ರಲ್ಲಿ ಮಾಡಿದ ಮೇರಿ ಗೋ ರೌಂಡ್. ನಲವತ್ತೆಂಟು ಮರದ ಕುದುರೆ, ಎರಡು ರಥ. ಬಿಡಿಬಿಡಿಯಾಗಿ ಹೋಗೋದರಲ್ಲಿತ್ತು. ನ್ಯೂಯಾರ್ಕಿನ ಡೇವಿಡ್ ಮತ್ತು ಜೇನ್ ವಾಲೆಂಟಾಸ್ ದಂಪತಿ 3,85,000 ಡಾಲರ್ ಕೊಟ್ಟು ಇಡಿಯಾಗಿ ಕೊಂಡರು. ಈಗ ಬ್ರೂಕ್ಲಿನ್‌ನಲ್ಲಿ ನದಿ ಪಕ್ಕ ಗಾಜಿನ ಮನೆಯೊಳಗೆ ತಿರುಗ್ತಿದೆ. 2011ರಿಂದ."

"ಮಧ್ಯೆ ಇಪ್ಪತ್ತೇಳು ವರ್ಷ?"

"ರಿಪೇರಿ. ಆಯಮ್ಮ ಕೂತು ಬಣ್ಣ ಕೆರೆದರು. ಸಣ್ಣ ಬ್ಲೇಡು ಹಿಡಿದು, ಕೈಯಲ್ಲೇ. ಪಾರ್ಕಿನವರು ಕಾಲಕಾಲಕ್ಕೆ ಬಣ್ಣದ ಮೇಲೆ ಬಣ್ಣ ಬಳಿದಿದ್ದರಲ್ಲ, ಅದನ್ನೆಲ್ಲ ಪದರ ಪದರವಾಗಿ ತೆಗೆದು, ಅಡಿಯಲ್ಲಿದ್ದ 1922ರ ಬಣ್ಣ ಹುಡುಕಿದರು. ಆಮೇಲೆ ಅದೇ ಥರ ಹೊಸದಾಗಿ ಬಳಿದರು."

"ನೋಡಿ, ಇದು ಪ್ರೀತಿ," ಅಂದ ಸೀನ. "ಇದಕ್ಕೂ ಏನಾದ್ರೂ ಅನ್ನಿ ನೋಡೋಣ."

ಶಾಮಣ್ಣ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

"ಪ್ರೀತಿನೇ ಕಣೋ. ಆದರೆ ಆ ಊರಿನ ಒಬ್ಬ ಹುಡುಗ, ಅರವತ್ತನೇ ಇಸವಿಯಲ್ಲಿ ಅಪ್ಪನ ಕಾರ್ಖಾನೆ ಪಿಕ್ನಿಕ್‌ಗೆ ಹೋಗಿ ಕುದುರೆ ಹತ್ತಿದ ಅಂದ್ಕೋ. ಅವನು ಕಂಡಿದ್ದು ಮೇಲಿನ ಬಣ್ಣ. ಯಾವನೋ ಪೇಂಟರ್ ಅವಸರದಲ್ಲಿ ಬಳಿದದ್ದು. ಕಿವಿ ಹತ್ತಿರ ಮಕ್ಕಳು ಹಿಡಿದು ಹಿಡಿದು ಸವೆದದ್ದು. ಇವತ್ತು ಅವನು ಮುದುಕ. ಮೊಮ್ಮಗಳನ್ನ ಕರ್ಕೊಂಡು ಬ್ರೂಕ್ಲಿನ್‌ಗೆ ಹೋಗ್ತಾನೆ. ಕುದುರೆ ಅದೇ. ಅವನ ಬಣ್ಣ ಇಲ್ಲ. ಅವನ ಅಪ್ಪನ ಕಾಲದ ಬಣ್ಣ ಇದೆ. ನನ್ನದು ಯಾವ ಕುದುರೆ ಅಂತ ಹುಡುಕ್ತಾ ಮೂರು ಸುತ್ತು ನೋಡ್ತಾನೆ. ಮೊಮ್ಮಗಳು ಅಷ್ಟರಲ್ಲಿ ಯಾವುದನ್ನೋ ಹತ್ತಿರ್ತಾಳೆ."

"ಅವನು ಅಳಬಹುದಾ?" ಸೀನ ಮೆಲ್ಲಗೆ ಕೇಳಿದ.

"ಅವನು ಅಳಬಹುದು. ಅವನ ಹತ್ತಿರ ಟಿಕೆಟ್ ಇತ್ತು."

ಪಿಟೀಲು ಯಾವಾಗಲೋ ಮುಗಿದಿತ್ತು. ಮೊಬೈಲು ತನ್ನಷ್ಟಕ್ಕೆ ಮುಂದಿನ ವಿಡಿಯೊಗೆ ಹೋಗಿ, ಯಾರೋ ಪಾತ್ರೆ ಉಜ್ಜುವ ಪುಡಿ ಮಾರುತ್ತಿದ್ದರು. ಪದ್ದಕ್ಕ ಹೊತ್ತಾಯಿತು ಅಂತ ಎದ್ದರು.

"ಸೀನ, ಆ ಪಾರ್ಕಿನದು ಇನ್ನೊಂದ್ಸಲ ಹಾಕು," ಅಂದರು ಶಾಮಣ್ಣ. "ಸೌಂಡ್ ತೆಗೆದು."

"ಸೌಂಡ್ ತೆಗೆದ್ರೆ ಏನಿದೆ ಅದರಲ್ಲಿ? ಬರೀ ಗಿಡ."

"ಗಿಡಾನೇ ನೋಡ್ತೀನಿ."

ಸೀನ ಮೊಬೈಲ್ ಕೊಡದೆ ಅಂಗೈ ಚಾಚಿದ. "ಹತ್ತು ಸೆಂಟ್."

ಶಾಮಣ್ಣನ ಕೈ ನಿಜವಾಗಿಯೂ ಜೇಬಿಗೆ ಹೋಯಿತು.