ಏಳು ತಿಂಗಳಾದರೂ ಕಾಟ್ಲಾ ಗೇಣು ದಾಟಿಲ್ಲ. ಹೊಂಡ ಚಿಕ್ಕದಾದ್ರೆ ಮೀನೂ ಚಿಕ್ಕದೇನಾ?

ಹೊಂಡದ ಹುಡುಗ (ಕೊಪ್ಪಳ)
ಎಲ್ಲರಿಗೂ ನಮಸ್ಕಾರ. ನಮ್ಮದು 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ. ಆಳ 3 ಮೀಟರ್, ಪ್ಲಾಸ್ಟಿಕ್ ಹಾಸಿದ್ದೇವೆ. ಜುಲೈನಲ್ಲಿ 1500 ಮರಿ ಬಿಟ್ಟೆವು. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಸ್ವಲ್ಪ ಗೆಂಡೆ (ಕಾಮನ್ ಕಾರ್ಪ್). ಮರಿ ಕೊಟ್ಟವರು ವರ್ಷಕ್ಕೆ ಒಂದು ಕೆಜಿ ಗ್ಯಾರಂಟಿ ಅಂದಿದ್ದರು. ಈಗ ಫೆಬ್ರುವರಿ. ಮೊನ್ನೆ ಬೀಸುಬಲೆ ಹಾಕಿ ಒಂದಷ್ಟು ಹಿಡಿದು ತೂಗಿದರೆ ಸರಾಸರಿ 180 ಗ್ರಾಂ ಬಂತು. ಅವರನ್ನು ಕೇಳಿದರೆ "ಹೊಂಡ ಚಿಕ್ಕದು, ಮೀನು ಜಾಗ ನೋಡಿಕೊಂಡು ಬೆಳೆಯುತ್ತೆ" ಅಂತಾರೆ. ಇದು ನಿಜವಾ? ಡ್ಯಾಮಿನಲ್ಲಿ ಇದೇ ಕಾಟ್ಲಾ 20 ಕೆಜಿ ಆಗಿದ್ದನ್ನು ವಿಡಿಯೋದಲ್ಲಿ ನೋಡಿದ್ದೇನೆ.

ಗಾಜಿನ ತೊಟ್ಟಿ (ಬೆಂಗಳೂರು)
ನಿಜಾನೇ. ನಾನು ಮನೆಯಲ್ಲಿ ಅಕ್ವೇರಿಯಂ ಇಟ್ಟಿದ್ದೇನೆ. ಚಿಕ್ಕ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಬೆರಳುದ್ದಕ್ಕೇ ನಿಂತುಬಿಡುತ್ತೆ. ಅದನ್ನೇ ದೊಡ್ಡ ಕೊಳಕ್ಕೆ ಬಿಟ್ಟರೆ ಗೇಣು ದಾಟುತ್ತೆ. ಚಿಕ್ಕ ತೊಟ್ಟಿಯಲ್ಲಿ ಮೈ ನಿಂತರೂ ಒಳಗಿನ ಅಂಗಗಳು ಬೆಳೆಯುತ್ತಾ ಹೋಗಿ ಮೀನು ಸಾಯುತ್ತೆ ಅಂತಲೂ ಹೇಳ್ತಾರೆ.

ಮೀನುಪಾಠ (ಮಂಗಳೂರು)
ಅಂಗಗಳ ಕತೆ ಸುಮ್ನೆ ಹಬ್ಬಿದ ಮಾತು, ಅದನ್ನು ಬಿಡಿ. ಗೋಲ್ಡ್‌ಫಿಶ್ ನಿಲ್ಲುವುದು ಗಾಜಿನ ಗೋಡೆ ನೋಡಿ ಅಲ್ಲ. ಅದರ ಹೇಲು, ಉಚ್ಚೆ ಎಲ್ಲ ಆ ನಾಲ್ಕು ಬಿಂದಿಗೆ ನೀರಿನಲ್ಲೇ ಉಳಿಯುತ್ತೆ. ಅಮೋನಿಯಾ ಏರುತ್ತೆ, ಆಮ್ಲಜನಕ ಇಳಿಯುತ್ತೆ. ಮೀನು ತಿಂದದ್ದು ಜೀವ ಉಳಿಸಿಕೊಳ್ಳುವುದಕ್ಕೇ ಖರ್ಚಾಗುತ್ತೆ, ಮೈಗೆ ಹತ್ತುವುದಿಲ್ಲ. ದಿನಾ ನೀರು ಬದಲಾಯಿಸಿ ನೋಡಿ, ಅದೇ ತೊಟ್ಟಿಯಲ್ಲಿ ಬೆಳೆಯುತ್ತೆ.

ಕೊಪ್ಪಳದ ತಮ್ಮಾ, ನಿನ್ನ ಹೊಂಡದ ಕತೆಯೂ ಇದೇ. ಒಂದು ಹೊಂಡ ತಡೆಯುವುದು ಒಟ್ಟು ತೂಕವನ್ನು, ಒಂದೊಂದು ಮೀನಿನ ಗಾತ್ರವನ್ನಲ್ಲ. ಲೆಕ್ಕ ಹಾಕು. ನಿನ್ನದು 441 ಚದರ ಮೀಟರ್, ಅಂದರೆ ಸುಮಾರು 4.4 ಗುಂಟೆ. ನೀರಿಗೆ ಗಾಳಿ ಊದುವ ಯಂತ್ರ ಇಲ್ಲದೆ, ತಿಂಡಿ ಹಾಕಿ ಸಾಕುವ ಹೊಂಡದಲ್ಲಿ ಎಕರೆಗೆ ಒಂದೂವರೆ ಟನ್ ಬಂದರೆ ಒಳ್ಳೆಯ ಇಳುವರಿ. ಆ ಲೆಕ್ಕದಲ್ಲಿ ನಿನ್ನದಕ್ಕೆ 165 ಕೆಜಿ. 1500ರಲ್ಲಿ 1000 ಮೀನು ಉಳಿದಿವೆ ಅಂದುಕೊಂಡರೂ, ತಲಾ 180 ಗ್ರಾಂ ಅಂದರೆ 180 ಕೆಜಿ. ಹೊಂಡ ಆಗಲೇ ತುಂಬಿದೆ!

ಕೆರೆ ಗುತ್ತಿಗೆ (ತುಮಕೂರು)
ಮೇಡಂ ಲೆಕ್ಕ ಸರಿ, ಆದರೂ ಜಾಸ್ತಿ ಹಿಡಿದಿದ್ದಾರೆ. 21 ಮೀಟರ್ ಮೇಲ್ಗಡೆ ಅಳತೆ. ಕೃಷಿ ಹೊಂಡದ ಬದಿ ಇಳಿಜಾರು ಇರುತ್ತೆ, ಕೆಳಗೆ ಹೋದಂತೆ ಕಿರಿದಾಗುತ್ತೆ. ಫೆಬ್ರುವರಿಗೆ ನೀರು ಅರ್ಧಕ್ಕೆ ಇಳಿದಿದ್ದರೆ 441 ಎಲ್ಲಿಂದ ಬರಬೇಕು? ನಾವು ಕೆರೆಗೆ ಬಿಡುವಾಗ ಬೇಸಿಗೆ ನೀರು ಎಷ್ಟು ನಿಲ್ಲುತ್ತೆ ಅಂತ ನೋಡುತ್ತೇವೆ, ಮಳೆಗಾಲದ ನೀರನ್ನಲ್ಲ. ಎಕರೆಗೆ 2000 ಮರಿ, ಕೈ ಬಿಗಿ ಇಲ್ಲದವರು 4000. ನಿಮಗೆ 220ರಿಂದ 440 ಸಾಕಿತ್ತು.

ಗಾಳಗಾರ (ಮೈಸೂರು)
ನೀವೆಲ್ಲ ಗ್ರಾಂ ಲೆಕ್ಕದಲ್ಲಿದ್ದೀರಿ. ಮೀನಿನ ನಿಜವಾದ ಗಾತ್ರ ನೋಡಬೇಕಾದರೆ ನದಿಗೆ ಬನ್ನಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ! ಹೊಂಡದಲ್ಲಿ ಸಾಕಿದ್ದರೆ ಅಷ್ಟಾಗುತ್ತಿತ್ತಾ? ಜಾಗ ಮುಖ್ಯ ಸ್ವಾಮಿ.

ಮೀನುಪಾಠ
ಗಾಳಗಾರರೇ, ನಿಮ್ಮ ಉದಾಹರಣೆ ಚೆನ್ನಾಗಿದೆ, ಆದರೆ ಅದು ಹೇಳುವುದೇ ಬೇರೆ. ಬೇಗ ಬೆಳೆಯುವುದು ಒಂದು, ದೊಡ್ಡದಾಗುವುದು ಇನ್ನೊಂದು. ಮಹಶೀರ್ ನಿಧಾನದ ಮೀನು. ಮೊದಲ ವರ್ಷದ ಕಾಟ್ಲಾ ಪಕ್ಕ ಇಟ್ಟರೆ ಅದು ಮರಿಯಂತೆ ಕಾಣುತ್ತೆ. ಅಷ್ಟು ತೂಗುವುದು ಬಹಳ ವರ್ಷ ಬದುಕುವುದರಿಂದ. ಅಕ್ವೇರಿಯಂನ ಪುಟ್ಟ ಗಪ್ಪಿ ಮೀನು ಇದಕ್ಕೆ ಉಲ್ಟಾ. ಕೆಲವೇ ತಿಂಗಳಲ್ಲಿ ತನ್ನ ಪೂರ್ತಿ ಗಾತ್ರ ಮುಟ್ಟುತ್ತೆ, ಆ ಗಾತ್ರವೇ ಬೆರಳಿನ ಎರಡು ಗೆಣ್ಣು. ಎರಡೂ ಒಟ್ಟಿಗೆ ಇರುವ ಮೀನುಗಳೂ ಇವೆ. ಮೆಕಾಂಗ್ ನದಿಯ ದೈತ್ಯ ಕ್ಯಾಟ್‌ಫಿಶ್ ಐದಾರು ವರ್ಷದಲ್ಲೇ ನೂರೈವತ್ತು ಕೆಜಿ ದಾಟಬಲ್ಲದು. 2005ರಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕಿದ್ದು 293 ಕೆಜಿ ಇತ್ತು. 2022ರಲ್ಲಿ ಕಾಂಬೋಡಿಯಾದಲ್ಲಿ 300 ಕೆಜಿಯ ತೊರಕೆ (ಸ್ಟಿಂಗ್‌ರೇ) ಸಿಕ್ಕಿದ ಮೇಲೆ, ಸಿಹಿನೀರಿನ ಅತಿ ಭಾರದ ಮೀನು ಅನ್ನುವ ಅದರ ದಾಖಲೆ ಹೋಯಿತು.

ಇನ್ನೊಂದು ಮಾತು. ಕಬಿನಿ, ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ನಿಧಾನ ಬೆಳೆಯುವ ಮೀನಿನ ಕಷ್ಟವೇ ಅದು. ದೊಡ್ಡದೊಂದು ಹೋದರೆ ಅದರ ಜಾಗ ತುಂಬಲು ಎಷ್ಟೋ ವರ್ಷ ಬೇಕು.

ಹೊಂಡದ ಹುಡುಗ
ಹಾಗಾದರೆ ಕಾಟ್ಲಾದ ಗರಿಷ್ಠ ಎಷ್ಟು ಅಕ್ಕಾ?

ಮೀನುಪಾಠ
ಫಿಶ್‌ಬೇಸ್ ಅನ್ನುವ ಮೀನುಗಳ ಮಾಹಿತಿ ಜಾಲತಾಣದಲ್ಲಿ ಕಾಟ್ಲಾಗೆ 38.6 ಕೆಜಿ, ರೋಹುಗೆ 45 ಕೆಜಿ, ಮೃಗಾಲ್‌ಗೆ 12.7 ಕೆಜಿ ಅಂತಿದೆ. ಇವೆಲ್ಲ ಎಲ್ಲೋ ಯಾವತ್ತೋ ಸಿಕ್ಕ ಒಂದೊಂದು ಮೀನಿನ ತೂಕ. ಅದನ್ನು ನೋಡಿ ಹೊಂಡ ತೋಡಬೇಡ.

ಕೆರೆ ಗುತ್ತಿಗೆ
ಅದಕ್ಕೇ ನಾವು ಗರಿಷ್ಠದ ತಲೆಬಿಸಿ ಇಟ್ಟುಕೊಳ್ಳುವುದಿಲ್ಲ. ಒಂದು ಕೆಜಿ ಆಯಿತಾ, ಬಲೆ ಹಾಕು. ಆಮೇಲೆ ಮೀನು ಬೆಳೆಯುವುದೇ ನಿಧಾನ. ತಿಂಡಿ ದಂಡ.

ಮೀನುಪಾಠ
ಇದನ್ನು ಮಾತ್ರ ಒಪ್ಪುವುದಿಲ್ಲ ಅಣ್ಣ. ನಿಧಾನವಾಗುವುದು ಉದ್ದ, ತೂಕವಲ್ಲ. ಉದ್ದ ಎರಡು ಪಟ್ಟಾದರೆ ತೂಕ ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತೆ, ಯಾಕೆಂದರೆ ಅಗಲ, ದಪ್ಪ ಎರಡೂ ಜೊತೆಗೆ ಬೆಳೆಯುತ್ತವೆ. 30 ಸೆಂಟಿಮೀಟರಿನ ಕಾಟ್ಲಾ ಅರ್ಧ ಕೆಜಿ ತೂಗಿದರೆ 60 ಸೆಂಟಿಮೀಟರಿನದು ನಾಲ್ಕು ಕೆಜಿ ತೂಗುತ್ತೆ. ಬೆಳವಣಿಗೆಗೆ ಬಳಸುವ ವಾನ್ ಬರ್ಟಲನ್ಫಿ ಸೂತ್ರದಲ್ಲಿ, ಮೀನು ದಿನಕ್ಕೆ ಅತಿ ಹೆಚ್ಚು ಗ್ರಾಂ ಏರುವುದು ತನ್ನ ಗರಿಷ್ಠ ತೂಕದ 30% ಹತ್ತಿರ ಬಂದಾಗ. ಕಾಟ್ಲಾಗೆ 20 ಕೆಜಿ ಅಂತ ಇಟ್ಟುಕೊಂಡರೂ ಆ ಹಂತ 6 ಕೆಜಿಗೆ ಬರುತ್ತೆ. ಒಂದು ಕೆಜಿ ಕಾಟ್ಲಾ ಇನ್ನೂ ಹುಡುಗ!

ಕೆರೆ ಗುತ್ತಿಗೆ
ಸೂತ್ರ ಕೆರೆಯಲ್ಲಿ ಈಜಲ್ಲ ಮೇಡಂ. ನಮ್ಮ ಕೆರೆಯಲ್ಲಿ ಒಂದು ಕೆಜಿ ಆದಮೇಲೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಮೀನುಪಾಠ
ನಿಂತಿರುತ್ತೆ, ಇಲ್ಲ ಅನ್ನಲ್ಲ. ಅಷ್ಟು ಹೊತ್ತಿಗೆ ನಿಮ್ಮ ಕೆರೆ ತಡೆಯುವ ಒಟ್ಟು ತೂಕ ಮುಟ್ಟಿರುತ್ತೆ, ನೀರೂ ಇಳಿದಿರುತ್ತೆ. ಅರ್ಧ ಮೀನು ತೆಗೆದು ಉಳಿದದ್ದನ್ನು ಬಿಟ್ಟು ನೋಡಿದ್ದೀರಾ?

ಕೆರೆ ಗುತ್ತಿಗೆ
ರಾತ್ರಿ ಕಾವಲು ಯಾರು ಕಾಯುವುದು? ಗುತ್ತಿಗೆ ಅವಧಿ ಮುಗಿಯುತ್ತೆ, ಏರಿ ಮೇಲೆ ಕಳ್ಳಬಲೆ ಬೀಳುತ್ತೆ. ಮೀನು ಬೆಳೆಯುತ್ತೆ ಅಂತ ಕಾದು ಕಳೆದುಕೊಂಡವರು ಎಷ್ಟೋ ಜನ. ಆ ಅರ್ಥದಲ್ಲಿ ನನ್ನ ಒಂದು ಕೆಜಿ ಲೆಕ್ಕ ಸರಿ.

ಮೀನುಪಾಠ
ಆ ಅರ್ಥದಲ್ಲಿ ಸರಿ. ಮೀನಿನ ಲೆಕ್ಕ ಬೇರೆ, ಮಾಲೀಕನ ಲೆಕ್ಕ ಬೇರೆ.

ಗಾಳಗಾರ
ತಳಿ ಬಗ್ಗೆ ಯಾರೂ ಹೇಳಲೇ ಇಲ್ಲ? ಜಯಂತಿ ರೋಹು ಬಿಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಇಲ್ಲ ಅಂದರೆ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಲಿ, ಆರು ತಿಂಗಳಿಗೆ ಕೆಜಿ ಬರುತ್ತಂತೆ.

ಕೆರೆ ಗುತ್ತಿಗೆ
ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷೇಧ ಇದೆ. ಮಳೆಗೆ ಹೊಂಡ ಉಕ್ಕಿ ಹಳ್ಳ ಸೇರಿದರೆ ಊರ ಕೆರೆಯ ಮೀನೆಲ್ಲ ಅದರ ಹೊಟ್ಟೆಗೆ. ಹೊಸಬರಿಗೆ ಅದನ್ನೆಲ್ಲ ಹೇಳಿಕೊಡಬೇಡಿ.

ಮೀನುಪಾಠ
ಜಯಂತಿ ಒಳ್ಳೆಯ ತಳಿ. ಭುವನೇಶ್ವರದ ಸಿಫಾ ಅನ್ನುವ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ನಾರ್ವೆಯವರ ಜೊತೆ ಸೇರಿ ಮಾಡಿದ್ದು. ಆಯ್ಕೆ ಮಾಡಿದ ಒಂದೊಂದು ತಲೆಮಾರಿಗೂ ಬೆಳವಣಿಗೆ ಸರಾಸರಿ 17% ಏರಿತು. ಆದರೆ 440 ಮೀನಿನ ಹೊಂಡಕ್ಕೆ 1500 ಬಿಟ್ಟರೆ ಜಯಂತಿಯೂ 180 ಗ್ರಾಮೇ.

ಹೊಂಡದ ಹುಡುಗ
ಆಯ್ತು. ಈಗಿನ ಪ್ರಶ್ನೆ: ಏಳು ತಿಂಗಳು ಕುಂಠಿತವಾದ ಮೀನು ಮತ್ತೆ ಬೆಳೆಯುತ್ತಾ? ಎಲ್ಲ ಹಿಡಿದು ಹೊಸ ಮರಿ ಬಿಡಿ ಅಂತಿದ್ದಾರೆ ಮರಿಯವರು.

ಗಾಜಿನ ತೊಟ್ಟಿ
ಒಮ್ಮೆ ನಿಂತದ್ದು ಮತ್ತೆ ಏಳಲ್ಲ. ನನ್ನ ಅನುಭವ.

ಕೆರೆ ಗುತ್ತಿಗೆ
ಅಯ್ಯೋ, ಆಂಧ್ರದ ಕೊಲ್ಲೇರು ಸರೋವರದ ಕಡೆ ಹೋಗಿ ನೋಡಿ ಸರ್. ಅಲ್ಲಿಯವರು ಬೇಕಂತಲೇ ಹಾಗೆ ಮಾಡ್ತಾರೆ. ಮರಿಗಳನ್ನು ಕಿಕ್ಕಿರಿದು ತುಂಬಿ, ಹೊಟ್ಟೆಗೆ ಕಮ್ಮಿ ಹಾಕಿ ಒಂದು ವರ್ಷ ತಡೆದಿಟ್ಟು, ನೂರಿನ್ನೂರು ಗ್ರಾಂ ಆದದ್ದನ್ನು ದೊಡ್ಡ ಹೊಂಡಕ್ಕೆ ಬಿಡ್ತಾರೆ. ಜಾಗ, ತಿಂಡಿ ಸಿಕ್ಕಿದ ತಕ್ಷಣ ಸೇಡು ತೀರಿಸಿಕೊಳ್ಳೋ ಹಾಗೆ ಬೆಳೆಯುತ್ತವೆ. ಬೆರಳುದ್ದದ ಮರಿಗಿಂತ ಸಾವೂ ಕಮ್ಮಿ. ನಿಮ್ಮ ಹತ್ತಿರ ಇರುವ 180 ಗ್ರಾಮಿನದು ದುಡ್ಡು ಕೊಟ್ಟು ತರುವಂಥ ಮಾಲು!

ಮೀನುಪಾಠ
ಹೌದು. ತಡೆದ ಬೆಳವಣಿಗೆ ಮರಳಿ ಬರುತ್ತೆ. ಹಾಗಂತ ಹತ್ತಾರು ವರ್ಷ ಕೆಟ್ಟ ನೀರಿನಲ್ಲಿ ಇಟ್ಟರೆ ಬರುತ್ತೆ ಅಂತಲ್ಲ.

ಹಾಗಾಗಿ ಹೀಗೆ ಮಾಡು. 150 ಕಾಟ್ಲಾ, ರೋಹು ಮಾತ್ರ ಉಳಿಸಿ ಮಿಕ್ಕದ್ದನ್ನು ಈಗಲೇ ಹಿಡಿ. ಮೃಗಾಲ್, ಗೆಂಡೆ ತಳದ ಕೆಸರಿನಲ್ಲಿ ಮೇಯುವ ಮೀನು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರೇ ಇರುವುದಿಲ್ಲ, ಅವು ಕಾಟ್ಲಾ ತಿಂಡಿಗೇ ಬಾಯಿ ಹಾಕುತ್ತವೆ. ಗೆಂಡೆ ಹೊಂಡದಲ್ಲೇ ಮೊಟ್ಟೆ ಇಟ್ಟು ಸಂಖ್ಯೆಯನ್ನೂ ಹೆಚ್ಚಿಸಬಹುದು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಬೇಸಿಗೆ ಬಿಸಿ ಬೆಳವಣಿಗೆಗೆ ಒಳ್ಳೆಯದು. ಮೇ ಹೊತ್ತಿಗೆ ಅರ್ಧ ಕೆಜಿ ದಾಟಬಹುದು.

ಕೆರೆ ಗುತ್ತಿಗೆ
150 ಬೇಡ, 250 ಇರಲಿ. ಸ್ವಲ್ಪ ಸಾಯುತ್ತೆ, ಸ್ವಲ್ಪ ಕೊಕ್ಕರೆ ಒಯ್ಯುತ್ತೆ.

ಮೀನುಪಾಠ
ನೀರು ಇಳಿಯುತ್ತೆ ಅಂತ ಮೊದಲು ಹೇಳಿದವರು ನೀವೇ ಅಲ್ವಾ ಅಣ್ಣ!

ಹೊಂಡದ ಹುಡುಗ
200 ಉಳಿಸುತ್ತೇನೆ, ಇಬ್ಬರ ಮಾತೂ ಇರಲಿ. ಆದರೆ 180 ಗ್ರಾಂ ಮೀನು ಯಾರು ಕೊಳ್ತಾರೆ?

ಕೆರೆ ಗುತ್ತಿಗೆ
ಸಂತೆಗೆ ಒಯ್ಯಬೇಡಿ, ರೇಟು ಸಿಗಲ್ಲ. ನಿಮ್ಮ ಸುತ್ತಮುತ್ತ ಹೊಂಡ, ಕೆರೆ ಇರುವವರಿಗೆ ಬಲಿತ ಬಿತ್ತನೆ ಅಂತ ಜೀವಂತ ಮಾರಿ. ಹಿಡಿಯುವ ಹಿಂದಿನ ದಿನ ತಿಂಡಿ ನಿಲ್ಲಿಸಿ, ಬೆಳಗಿನ ತಂಪಿನಲ್ಲಿ ಬಲೆ ಎಳೆಯಿರಿ. ಹೊಟ್ಟೆ ತುಂಬಿದ ಮೀನು ಡ್ರಮ್ಮಿನಲ್ಲೇ ನೀರು ಕೆಡಿಸಿಕೊಂಡು ಸಾಯುತ್ತೆ.