ಸಹಾಯ ಬೇಕು: ಲೂಕಸ್ ಪರೀಕ್ಷೆ ಕೈಕೊಟ್ಟಿದೆ

ನಮಸ್ಕಾರ. ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಆಲ್ಕೋಹಾಲಿನಿಂದ ಹ್ಯಾಲೈಡ್ (ಕ್ಲೋರಿನ್‌ನಂಥ ಧಾತು ಸೇರಿದ ಸಂಯುಕ್ತ) ಮಾಡುತ್ತಿದ್ದ ಹಳೆಯ ದಾರಿಗಳನ್ನು ತೋರಿಸೋಣ ಅಂತ ಹೊರಟೆ. 1835ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಡ್ಯೂಮಾ ಮತ್ತು ಪೆಲಿಗೋ ಮೆಥನಾಲ್, ಉಪ್ಪು, ಸಲ್ಫ್ಯೂರಿಕ್ ಆಮ್ಲ ಕುದಿಸಿಯೇ ಮೀಥೈಲ್ ಕ್ಲೋರೈಡ್ ತೆಗೆದಿದ್ದರು! ಅದು ವಿಷದ ಗ್ಯಾಸ್, ಹಾಗಾಗಿ ಬರೀ ಬಾಯಲ್ಲೇ ಹೇಳಿದೆ.

ಎಡವಟ್ಟಾಗಿದ್ದು 1930ರ ಲೂಕಸ್ ಪರೀಕ್ಷೆಯಲ್ಲಿ. ಜಿಂಕ್ ಕ್ಲೋರೈಡ್ ಕರಗಿಸಿದ ಗಾಢ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಆಲ್ಕೋಹಾಲ್ ಹಾಕಿ, ಎಷ್ಟು ಬೇಗ ಕದಡುತ್ತದೆ ಅಂತ ನೋಡಿ ಅದು ಪ್ರೈಮರಿ, ಸೆಕೆಂಡರಿ, ಟರ್ಷಿಯರಿ ಪೈಕಿ ಯಾವ ಬಗೆ ಅಂತ ಗುರುತಿಸುವ ಪರೀಕ್ಷೆ ಇದು. ಟರ್ಷಿಯರಿ ಬ್ಯುಟನಾಲ್ ಹಾಕಿದ ತಕ್ಷಣ ದ್ರಾವಣ ಮಜ್ಜಿಗೆ ಥರ ಬೆಳ್ಳಗಾಯಿತು. ಸೆಕೆಂಡರಿ ಬ್ಯುಟನಾಲ್ ಮಾತ್ರ ಅರ್ಧ ಗಂಟೆಯಾದರೂ ತಿಳಿಯಾಗೇ ಇತ್ತು. ಐದು-ಹತ್ತು ನಿಮಿಷ ಸಾಕು ಅಲ್ವಾ? ಡಬ್ಬಿ ತೆಗೆದು ನೋಡಿದರೆ ಜಿಂಕ್ ಕ್ಲೋರೈಡ್ ತೇವ ಹೀರಿ ಬೆಲ್ಲದ ಪಾಕದಂತೆ ಅಂಟಿಕೊಂಡಿದೆ.

ಪಿಂಗಾಣಿ ಬಟ್ಟಲಲ್ಲಿ ಕಾಯಿಸಿ ಒಣಗಿಸಿದವರು ಇದ್ದೀರಾ? ಸುಮ್ನೆ ಕಾಯಿಸಿದರೆ ಸ್ವಲ್ಪ ಆಕ್ಸಿಕ್ಲೋರೈಡ್ (ಆಮ್ಲಜನಕವೂ ಸೇರಿಕೊಂಡ ಬೇರೆ ಸಂಯುಕ್ತ) ಆಗಿಬಿಡುತ್ತದೆ. ಅದನ್ನು ತಡೆಯೋಕೆ ಹೈಡ್ರೋಕ್ಲೋರಿಕ್ ಆಮ್ಲ ಎಷ್ಟು ಸೇರಿಸುತ್ತೀರಿ? ಗುರುವಾರವೇ ಪ್ರಾಕ್ಟಿಕಲ್, ದಯವಿಟ್ಟು ಬೇಗ ತಿಳಿಸಿ.